ಗುರುವಾರ ಮಧ್ಯಾಹ್ನ ಬರುವವಳು

ಜೂನ್ 5, ಗುರುವಾರ

ಬಂದವನೇ ಚಪ್ಪಲಿ ಬಿಡುವ ಮೊದಲು ಅಡುಗೆಮನೆ ನೋಡಿದೆ. ಟೀಪುಡಿ ಇಳಿದಿದೆ. ಹಾಲಿನ ಪಾತ್ರೆಗೆ ಪೆನ್ನಿನಲ್ಲಿ ಗೆರೆ ಎಳೆದು ಹೋಗಿದ್ದೆ, ಹಾಲು ಗೆರೆಗಿಂತ ಎರಡು ಬೆರಳು ಕೆಳಗಿದೆ. ಇಷ್ಟು ಹೊತ್ತಿನಲ್ಲಿ ಒಬ್ಬ ಹೆಂಗಸು ಎಷ್ಟು ಟೀ ಕುಡಿಯಬಹುದು? ಕುಡಿಯಲಿ, ನನಗೇನು. ಆದರೆ ಕೇಳಿ ಕುಡಿಯಬೇಕು.

ಫ್ಯಾಕ್ಟರಿಯ ಸ್ಟೋರ್ ಕಾಯ್ದು ರಿಟೈರ್ ಆದವನು ನಾನು. ಒಂದು ವಾಷರ್ ಕಾಣೆಯಾದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆ ಬುದ್ಧಿ ಈಗ ಎಲ್ಲಿಗೆ ಹೋದೀತು.

ಇದು ಅವಳು ಬರುತ್ತಿರುವ ಮೂರನೇ ಗುರುವಾರ. ಸಂಸ್ಥೆಯವರು ಕಳಿಸುತ್ತಾರೆ. ಕಾಯಿಲೆಯವರನ್ನು ನೋಡಿಕೊಳ್ಳುವವರಿಗೂ ವಾರಕ್ಕೊಮ್ಮೆ ಬಿಡುವು ಬೇಕಂತೆ. ಅವಳು ಇಲ್ಲಿ ಬಂದು ನನ್ನ ಹೆಂಡತಿಯ ಜೊತೆ ಕೂರುವುದು, ನಾನು ಅವರ ಹಾಲ್‌ಗೆ ಹೋಗಿ ನನ್ನಂಥವರ ಜೊತೆ ಕೂರುವುದು. ಪುಕ್ಕಟೆ. ಅದೇ ನನಗೆ ಹಿಡಿಸದ್ದು. ಪುಕ್ಕಟೆ ಕೊಡುವವನ ಕಣ್ಣು ಬೇರೆ ಎಲ್ಲೋ ಇರುತ್ತದೆ. ಮಗಳು ನನ್ನನ್ನು ಒಂದು ಮಾತು ಕೇಳದೆ ಫೋನಿನಲ್ಲೇ ಗೊತ್ತು ಮಾಡಿಬಿಟ್ಟಳು.

ಅವಳ ಹೆಗಲಿಗೊಂದು ದೊಡ್ಡ ಬಟ್ಟೆ ಬ್ಯಾಗು. ಜೋಳಿಗೆ ಎಂದು ಹೆಸರಿಟ್ಟಿದ್ದೇನೆ. ಬ್ಯಾಗಿಗಲ್ಲ, ಅವಳಿಗೇ.

ಜೂನ್ 6, ಶುಕ್ರವಾರ. ಬೆಳಿಗ್ಗೆ

ನೀಲಿ ಟೀ ಕಪ್ಪು ಇಲ್ಲ. ಶೆಲ್ಫು, ಸಿಂಕು, ಮಂಚದ ಕೆಳಗೆ... ಎಲ್ಲೂ ಇಲ್ಲ. ಜೋಳಿಗೆಯೊಳಗೆ ಹೋಗಿದೆ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಇವಳನ್ನು, ನನ್ನ ಹೆಂಡತಿಯನ್ನು, ಕೇಳಿದೆ. "ನೀಲಿ ಕಪ್ ಎಲ್ಲೇ?"

"ಅದು... ಬಿ..."

"ಬಿಸಿನೀರು ಬೇಕಾ?"

ಕಣ್ಣು ಮುಚ್ಚಿಕೊಂಡಳು. ಜನವರಿಯಲ್ಲಿ ಸ್ಟ್ರೋಕ್ ಆದಾಗಿನಿಂದ ಹೀಗೇ. ಬಲಗಡೆ ಕೈಕಾಲು ಸ್ವಾಧೀನವಿಲ್ಲ. ಮಾತು ಅರ್ಧಕ್ಕೆ ನಿಲ್ಲುತ್ತದೆ, ಉಳಿದರ್ಧ ನಾನೇ ಹೇಳುತ್ತೇನೆ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ನನಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತದೆ? ಬಿಸಿನೀರು ತಂದುಕೊಟ್ಟೆ. ಕುಡಿಯಲಿಲ್ಲ.

ಜೂನ್ 12, ಗುರುವಾರ

ಹಾಲ್ ಎಂದರೆ ನಮ್ಮ ರಸ್ತೆಯಾಚೆಯ ಹಳೇ ಪ್ರಿಂಟಿಂಗ್ ಪ್ರೆಸ್ಸು. ಗೋಡೆಯಲ್ಲಿ ಇನ್ನೂ ಶಾಯಿಯ ವಾಸನೆ. ಪ್ಲಾಸ್ಟಿಕ್ ಕುರ್ಚಿಗಳನ್ನು ರೌಂಡಾಗಿ ಹಾಕಿರುತ್ತಾರೆ. ನಡುವೆ ಏನೂ ಇಲ್ಲ, ಆದರೂ ಎಲ್ಲರೂ ಅಲ್ಲೇ ನೋಡುತ್ತಾ ಕೂರುತ್ತೇವೆ. ಅಲ್ಲಿನ ಮೇಡಂ ಪ್ರತಿ ಸಲ ಅದೇ ಹೇಳುತ್ತಾರೆ, "ಇಲ್ಲಿ ಏನು ಬೇಕಾದ್ರೂ ಹೇಳ್ಬಹುದು." ಹೇಳಿದ್ದು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಹೇಳುವುದಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡೇ ಕೂತಿದ್ದೆ.

ಪಕ್ಕದ ಕುರ್ಚಿಯಲ್ಲಿ ಒಬ್ಬ ಕ್ಷೌರದಂಗಡಿಯವನು. ಮರೆವಿನ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತಾನೆ. "ನಮ್ಮಮ್ಮ ನಿನ್ನೆ ನನ್ನನ್ನೇ ಕೇಳಿದ್ರು ಸರ್, ಏನಪ್ಪಾ, ನಿಮ್ಮ ತಾಯಿ ಕ್ಷೇಮಾನಾ ಅಂತ. ಕ್ಷೇಮ ಅಮ್ಮಾ ಅಂದೆ" ಎಂದು ಹೇಳಿ ನಕ್ಕ. ಎಲ್ಲರೂ ನಕ್ಕರು. ನಾನು ಮಾತ್ರ ವಾಚು ನೋಡಿಕೊಂಡೆ.

ಮನೆಗೆ ಬಂದರೆ ಜೋಳಿಗೆ ಹೊರಟು ನಿಂತಿದ್ದಳು. ಬರುವಾಗ ಸೊರಗಿದ್ದ ಬ್ಯಾಗು ಹೋಗುವಾಗ ಉಬ್ಬಿದೆ! ಒಳಗೆ ಏನೋ ಕಿಣಿಕಿಣಿ ಅಂದಿತು.

"ಅಕ್ಕ ಇವತ್ತು ತುಂಬ ಚೆನ್ನಾಗಿದ್ರು ಸರ್."

ಚೆನ್ನಾಗಿದ್ದಳಂತೆ. ಇವಳ ಮುಖ ಬೆವೆತಿದೆ, ಉಸಿರು ಮೇಲೆ ಕೆಳಗೆ. ಮಂಚದ ಮೇಲೆ ಮಲಗಿದ್ದವಳಿಗೆ ಏದುಸಿರು ಯಾಕೆ?

ಜೂನ್ 13, ಶುಕ್ರವಾರ

ಸ್ನಾನ ಮಾಡಿಸುವಾಗ ನೋಡಿದೆ. ಎಡಮೊಣಕೈ ಹತ್ತಿರ ನೀಲಿಗಟ್ಟಿದೆ.

"ಯಾರು ಮಾಡಿದ್ದು?"

"ಯಾರೂ... ಇಲ್ಲ. ನಾ... ನಾ..."

"ನಾಳೆ ಹೇಳ್ತೀಯಾ?"

ತಲೆಯಾಡಿಸಿ ಗೋಡೆ ಕಡೆ ತಿರುಗಿದಳು. ಜೋಳಿಗೆ ಹೆದರಿಸಿಟ್ಟಿದ್ದಾಳೆ, ಸಂಶಯವೇ ಇಲ್ಲ. ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳ ಹಾಗೆ "ಸರ್, ಅಕ್ಕ" ಎನ್ನುತ್ತಾ ನಾನು ಅತ್ತ ಹೋದ ಕೂಡಲೇ ಇತ್ತ ಇವಳ ಮೇಲೆ ಕೈ ಮಾಡುತ್ತಾಳೆ. ಸಂಸ್ಥೆಗೆ ಫೋನ್ ಮಾಡಲು ನಂಬರ್ ಒತ್ತಿದೆ, ಆಮೇಲೆ ಕಟ್ ಮಾಡಿದೆ. ಅವರ ಕಡೆಯವಳನ್ನು ಅವರು ಬಿಟ್ಟುಕೊಡುತ್ತಾರೆಯೇ? ನಾನೇ ಕೈಯಾರೆ ಹಿಡಿಯಬೇಕು.

ಜೂನ್ 19, ಗುರುವಾರ

ಹಾಲ್‌ನಿಂದ ಬೇಗ ಎದ್ದು ಬಂದೆ. ಮೆಟ್ಟಿಲನ್ನು ಸದ್ದಿಲ್ಲದೆ ಹತ್ತಿ ಬಾಗಿಲಿಗೆ ಕಿವಿ ಕೊಟ್ಟೆ. ನನ್ನ ಮನೆಗೆ ನಾನೇ ಕಳ್ಳ.

ಒಳಗೆ ಇವಳ ದನಿ. "ಅವರಿಗೆ... ಇನ್ನೂ ಹೇಳ್ಬೇಡ. ಗೊತ್ತಾದ್ರೆ... ಬಿಡೋದಿಲ್ಲ ಅವರು."

ಮುಚ್ಚುಮರೆಗಿಂತ ನನಗೆ ನಾಟಿದ್ದು ಆ ವಾಕ್ಯ. ಪೂರ್ತಿ ವಾಕ್ಯ! ಐದು ತಿಂಗಳಲ್ಲಿ ನನ್ನ ಹತ್ತಿರ ಒಂದು ಸಲವೂ ಹಾಗೆ ಆಡಿದವಳಲ್ಲ. ಯಾರೋ ಹೊರಗಿನವಳ ಹತ್ತಿರ ಬಾಯಿ ತುಂಬ ಮಾತು.

ಕೆಳಗಿಳಿದು ರಸ್ತೆ ಸುತ್ತಿ ಎಂದಿನ ಹೊತ್ತಿಗೇ ಬಂದೆ. ಒಳಗೆ ಬಂದರೆ ಮತ್ತೆ ಅದೇ "ಹೂಂ", "ಊಹೂಂ".

ಮಗಳಿಗೆ ಫೋನ್ ಮಾಡಿದೆ. "ನಿಮ್ಮಮ್ಮನನ್ನ ಯಾವುದಾದ್ರೂ ಹೋಮ್‌ಗೆ ಸೇರಿಸೋ ಯೋಚನೆ ಇದೆಯಾ ನಿಮಗೆಲ್ಲ? ಇದ್ರೆ ನೇರ ಹೇಳಿ."

"ಅಪ್ಪಾ, ನಿಮಗೆ ಸೊಳ್ಳೆ ಕಚ್ಚಿದ್ರೂ ಅದನ್ನ ಯಾರು ಕಳಿಸಿದ್ರು ಅಂತ ಡೌಟು" ಎಂದಳು. ನಕ್ಕಳು. ಇಲ್ಲ ಎಂದು ಮಾತ್ರ ಹೇಳಲಿಲ್ಲ.

ಈಗ ಎಲ್ಲ ತಾಳೆಯಾಗುತ್ತಿದೆ. ಬಿಡುವು ಕೊಡುವುದೆಲ್ಲ ನೆಪ. ನನ್ನನ್ನು ನಿಧಾನಕ್ಕೆ ದೂರ ಕೂರಿಸಿ, ಒಂದು ದಿನ ನಾನು ಬರುವಷ್ಟರಲ್ಲಿ ಮಂಚ ಖಾಲಿ. ನನ್ನ ಹೆಂಡತಿಯನ್ನು ನನ್ನ ಕೈಯಿಂದ ತಪ್ಪಿಸುತ್ತಿದ್ದಾರೆ.

ಜೂನ್ 26, ಗುರುವಾರ. ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹಾಲ್‌ಗೆ ಹೊರಟವನ ಹಾಗೆ ಹೊರಟೆ. ಹೋಗಲಿಲ್ಲ. ಟೆರೇಸಿಗೆ ಹೋಗುವ ಮೆಟ್ಟಿಲ ಮೇಲೆ ಕೂತರೆ ನಮ್ಮ ಅಡುಗೆಮನೆಯ ಕಿಟಕಿ ಕಾಣುತ್ತದೆ. ಅಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಇವಳು ಬಂದಳು. ನಡೆದು ಬಂದಳು. ಕೋಲು ಹಿಡಿದು, ಬಲಗಾಲು ಎಳೆದುಕೊಂಡು, ಬಾಗಿಲ ಚೌಕಟ್ಟಿಗೆ ಮೊಣಕೈ ಬಡಿದುಕೊಂಡು. ನೀಲಿಗಟ್ಟಿದ್ದು ಅಲ್ಲಿಂದ. ಒಲೆ ಹಚ್ಚಿದಳು. ಎಡಗೈಯಲ್ಲಿ. ಹಾಲು ಹಾಕುವಾಗ ಅರ್ಧ ಕಟ್ಟೆಯ ಮೇಲೆ ಚೆಲ್ಲಿತು. ಜೋಳಿಗೆ ಬಾಗಿಲ ಹತ್ತಿರ ಸ್ಟೂಲಿನ ಮೇಲೆ, ಎರಡೂ ಕೈ ತೊಡೆ ಕೆಳಗೆ ಒತ್ತಿಕೊಂಡು, ಸಿನಿಮಾ ನೋಡುವವಳ ಹಾಗೆ ಕೂತಿದ್ದಾಳೆ. ಏಳುವುದಿಲ್ಲ, ಮಾಡುವುದಿಲ್ಲ. ಬಟ್ಟಲು ಜಾರಿತು. ಚೂರು ಚೂರು. ಇಬ್ಬರೂ ನಕ್ಕರು! ಇವಳು ನಕ್ಕಿದ್ದನ್ನು ನಾನು ನೋಡಿ ಎಷ್ಟು ಕಾಲವಾಯಿತು.

ನಾನು ಖುಷಿಪಡಬೇಕಿತ್ತು. ಪಡಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

"ಏನಮ್ಮಾ, ಕೂತು ತಮಾಷೆ ನೋಡ್ತಿದೀಯಾ? ಬೆಂಕಿ ಮುಂದೆ ನಿಲ್ಲಿಸಿದೀಯಲ್ಲ, ಬಿದ್ರೆ ಯಾರು ಹೊಣೆ? ಮಾರ್ಚ್‌ನಲ್ಲಿ ಬಚ್ಚಲಲ್ಲಿ ಬಿದ್ದು ಸಾಯೋ ಹಾಗಾಗಿದ್ಲು, ಗೊತ್ತಾ ನಿಂಗೆ?"

ಇವಳು ಬೆಚ್ಚಿ ತಿರುಗಿದಳು. ಬೀಳುವುದರಲ್ಲಿದ್ದಳು, ಹಿಡಿದುಕೊಂಡೆ. ಇಷ್ಟು ಹೊತ್ತು ಬೀಳದವಳು ನಾನು ಬಂದ ಮೇಲೆ ಬೀಳುವಂತಾದದ್ದು ನನಗೂ ಗೊತ್ತು.

ಜೋಳಿಗೆ ಮೆಲ್ಲಗೆ ಹೇಳಿದಳು. "ಹಿಡ್ಕೊಳ್ಳೋದು ಸುಲಭ ಸರ್. ನನ್ನ ಕೈ ಸುಮ್ಮನಿರೋದಿಲ್ಲ, ಅದಕ್ಕೇ ಅದುಮಿಟ್ಕೊಂಡು ಕೂತಿರ್ತೀನಿ." ಚೂರುಗಳನ್ನು ಆರಿಸಿ ಬ್ಯಾಗಿಗೆ ಹಾಕಿಕೊಂಡಳು. ಒಡೆದದ್ದು ಕಂಡರೆ ನಾನು ಮುಂದಕ್ಕೆ ಬಿಡುವುದಿಲ್ಲ ಎಂದು ಇವಳೇ ಹಾಗೆ ಮಾಡಿಸುತ್ತಿದ್ದಳಂತೆ.

"ಮುಂದಿನ ವಾರದಿಂದ ಬರೋದು ಬೇಡ" ಎಂದೆ.

ಇವಳು ನನ್ನ ಕೈ ಬಿಡಿಸಿಕೊಂಡಳು.

ಜುಲೈ 3, ಗುರುವಾರ

ಯಾರೂ ಬರಲಿಲ್ಲ. ಹಾಲು ಗೆರೆಯಲ್ಲೇ ಇದೆ. ಕಪ್ಪುಗಳೆಲ್ಲ ಸಾಲಾಗಿವೆ. ಬೇಕಾಗಿದ್ದದ್ದು ಇದೇ ಅಲ್ಲವೇ.

ಊಟ ತಿನ್ನಿಸಲು ಹೋದರೆ ಚಮಚವನ್ನು ತಳ್ಳುತ್ತಾಳೆ. ತಾನೇ ತಿನ್ನಲು ಬಿಟ್ಟರೆ ಮಾತ್ರ ತಿನ್ನುತ್ತಾಳೆ. ಅರ್ಧ ನೆಲಕ್ಕೆ. ಒರೆಸುತ್ತಿದ್ದೇನೆ. ಮನೆಯಲ್ಲಿ ನಾವಿಬ್ಬರೇ. ಮೂರನೆಯವರು ಬಂದು ಹೋಗುತ್ತಿದ್ದಾಗ ಇಷ್ಟು ದೂರ ಇರಲಿಲ್ಲ.

ಜುಲೈ 5, ಶನಿವಾರ

ಇವತ್ತು ಮಾತಾಡಿದಳು. ಬರೆದಿಡುತ್ತೇನೆ.

"ನಾನು... ಚೆ..."

"ಚೆ" ಎಂದ ಕೂಡಲೇ ನನ್ನ ಬಾಯಲ್ಲಿ ಒಂದು ಮಾತು ಸಿದ್ಧವಾಯಿತು. ನಾಲಿಗೆ ಕಚ್ಚಿಕೊಂಡೆ. ಕಾದೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ಪಕ್ಕದ ಮನೆಯಲ್ಲಿ ಟೀವಿಯಲ್ಲಿ ಯಾರೋ ಹಾಡಿ ಮುಗಿಸಿದರು. ಇನ್ನೂ ಕಾದೆ.

"ನಾನು ಚೆನ್ನಾಗಾದ್ರೆ... ನಿಮಗೆ... ಏನ್ ಭಯ?"

ನಾನು ಹೇಳಲು ಹೊರಟಿದ್ದು ಬೇರೇನೋ. ಹಾಗಾದರೆ ಇಷ್ಟು ದಿನ ನಾನು ಪೂರ್ತಿ ಮಾಡಿದ ವಾಕ್ಯಗಳೆಲ್ಲ ಅವಳವಲ್ಲ, ನನ್ನವೇ.

ಎದ್ದು ಹೋಗಿ ನಲ್ಲಿ ಬಿಗಿ ಮಾಡಿದೆ. ಉತ್ತರವನ್ನು ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ. ಬೀಳುತ್ತಾಳೆ ಎಂಬ ಭಯ ಇದೆ, ಸುಳ್ಳಲ್ಲ. ಆದರೆ ಅದೊಂದೇ ಅಲ್ಲ. ರಿಟೈರ್ ಆದ ಮೇಲೆ ಯಾರಿಗೂ ಬೇಡವಾಗಿ ಮನೆಯೊಳಗೆ ಅಡ್ಡಾಡಿಕೊಂಡಿದ್ದೆ. ಇವಳು ಮಲಗಿದಳು. ನನಗೆ ಕೆಲಸ ಸಿಕ್ಕಿತು. ಇವಳು ಎದ್ದುಬಿಟ್ಟರೆ...

ಥೂ. ಎಂಥ ಮನುಷ್ಯ ನಾನು.

ಜುಲೈ 10, ಗುರುವಾರ

ಬೆಳಿಗ್ಗೆ ಸಂಸ್ಥೆಗೆ ಫೋನ್ ಮಾಡಿ, ಆ ಹೆಂಗಸು ಮತ್ತೆ ಬರುವಳೇ ಎಂದು ಕೇಳಿದೆ. ಕೇಳುವುದೇ ತಡ, ಮಧ್ಯಾಹ್ನ ಬಾಗಿಲಲ್ಲಿ ಹಾಜರು. ಒಂದು ಮಾತಿನ ಕೋಪವೂ ಇಲ್ಲ. ಇಷ್ಟು ಸುಲಭವಾಗಿ ಕ್ಷಮಿಸುವವರನ್ನು ಕಂಡರೆ ನನಗೆ ಈಗಲೂ ಅನುಮಾನವೇ. ಟೀಪುಡಿ ಎಲ್ಲಿದೆ ಎಂದು ತೋರಿಸಿದೆ. ಅವಳಿಗೆ ಗೊತ್ತಿತ್ತು. ಆದರೂ ತೋರಿಸಿದೆ.

ಹಾಲ್‌ನಲ್ಲಿ ಮೊದಲ ಸಲ ಬಾಯಿ ಬಿಟ್ಟೆ. ಗೆರೆ ಎಳೆದದ್ದು, ಟೆರೇಸಿನ ಮೆಟ್ಟಿಲ ಮೇಲೆ ಕೂತದ್ದು, ಎಲ್ಲ. ಯಾರೂ ಛೀ ಅನ್ನಲಿಲ್ಲ. ಕ್ಷೌರದಂಗಡಿಯವನು ಮಾತ್ರ, "ನನ್ನ ಕತ್ತಿ ಕೆಳಗೆ ಕೂತವರಿಗೆ ಒಂದೇ ಮಾತು ಹೇಳೋದು ಸರ್, ಅಲ್ಲಾಡ್ಬೇಡಿ ಅಂತ. ನಿಮಗೂ ಅದೇ" ಎಂದ. ನಗು ಬಂತು. ಅವನ ಅಂಗಡಿಗೆ ಹೋಗುವ ಧೈರ್ಯ ಮಾತ್ರ ನನಗಿಲ್ಲ.

ಮೇಡಂ ಹೊರಡುವಾಗ ಕರೆದು ಹೇಳಿದರು. ಸ್ಟ್ರೋಕ್ ಆದ ಒಬ್ಬ ಹೆಂಗಸು ಮುಂದಿನ ಗುರುವಾರ ಹಾಲ್‌ಗೆ ಬರುತ್ತಾರಂತೆ. ಮನೆಯಲ್ಲಿ ಬಾಯೇ ಬಿಡುವುದಿಲ್ಲವಂತೆ. ಅವರ ಜೊತೆ ಕೂರಲು ನಿಮ್ಮ ಮನೆಯವರು ಬರುತ್ತಾರಾ ಎಂದು ಕೇಳಿದರು.

"ಅವಳು ಮೆಟ್ಟಿಲೇ ಇಳಿದಿಲ್ಲ" ಎಂದೆ.

"ನಾನು ನಿಮ್ಮನ್ನ ಕೇಳ್ತಿಲ್ಲ ಸರ್, ಅವರನ್ನ ಕೇಳಿ ಬನ್ನಿ" ಎಂದರು.

ಬಂದು ಕೇಳಿದೆ. ಪ್ರಶ್ನೆ ಮುಗಿಯುವ ಮೊದಲೇ "ಹೂಂ" ಎಂದಳು. ಇವಳೂ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಲು ಕಲಿತಿದ್ದಾಳೆ.

ಜುಲೈ 17, ಗುರುವಾರ. ಮಧ್ಯಾಹ್ನ ಎರಡೂವರೆ

ಇವಳು ಹೊರಟಿದ್ದಾಳೆ. ನಾನು ಮನೆಯಲ್ಲಿ.

ಜೊತೆಗೆ ಬರುತ್ತೇನೆ ಎಂದೆ. ಬೇಡ ಎಂದಳು. ಕೆಳಗಿನ ತನಕವಾದರೂ ಎಂದೆ. ಕುರ್ಚಿ ತೋರಿಸಿದಳು. ಜೋಳಿಗೆ ಮಾತ್ರ ಒಂದು ಮೆಟ್ಟಿಲು ಮುಂದೆ ಇಳಿಯುತ್ತಾಳೆ. ಮುಟ್ಟುವುದಿಲ್ಲವಂತೆ. ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ನೋಡಿದೆ, ನನ್ನ ಕೈ ನಿಲ್ಲುವುದಿಲ್ಲ. ಅದಕ್ಕೆ ಪೆನ್ನು ಹಿಡಿದಿದ್ದೇನೆ.

ಆ ಹೊಸ ಹೆಂಗಸು ಯಾರೋ, ಎಂಥವಳೋ. ಇವಳಿಗೆ ಸುಸ್ತಾದರೆ ಯಾರಾದರೂ ಗಮನಿಸುತ್ತಾರೋ ಇಲ್ಲವೋ. ಹಾಲ್‌ನ ಹೊಸ್ತಿಲು ಬೇರೆ ಎತ್ತರ, ಹೇಳಲು ಮರೆತೆ.

ಕೋಲು. ಕಾಲು. ಕೋಲು. ಕಾಲು.

ತಿರುವಿನಲ್ಲಿ ಸದ್ದು ನಿಂತಿತು. ಯಾಕೆ? ಯಾರೂ ಮಾತಾಡುತ್ತಿಲ್ಲ. ಎದ್ದೆ. ಕುರ್ಚಿ ಕಿರ್ರೆಂದಿತು.

ಕೆಳಗಿನಿಂದ ಇವಳ ದನಿ. "ಎದ್ರಾ? ಕೂತ್ಕೊಳ್ರೀ... ನಾನು... ಉಸಿರು ತಗೋತಿದೀನಿ... ಅಷ್ಟೆ."

ಕೂತೆ.

ಮತ್ತೆ ಕೋಲು. ಗೇಟಿನ ಸದ್ದು. ಏಳಬಾರದು ಎಂದಿದ್ದಾಳೆ, ನೋಡಬಾರದು ಎಂದಿಲ್ಲ. ಕೂತ ಹಾಗೇ ಕುರ್ಚಿ ಸಮೇತ ಕಿಟಕಿಗೆ ಜರುಗಿದ್ದೇನೆ. ತೊಡೆ ಮೇಲೆ ಪುಸ್ತಕ, ಅಕ್ಷರ ಸೊಟ್ಟ.

ಕಾಣುತ್ತಿದ್ದಾಳೆ. ರಸ್ತೆಯ ಅಂಚಿನಲ್ಲಿ ನಿಂತಿದ್ದಾಳೆ. ಇಲ್ಲಿಂದ ಎಷ್ಟು ಚಿಕ್ಕದಾಗಿ ಕಾಣುತ್ತಾಳೆ. ವ್ಯಾನೊಂದು ಬರುತ್ತಿದೆ. ಜೋಳಿಗೆ ಕೈ ಹಿಡಿಯುತ್ತಿಲ್ಲ. ಹಿಡಿಯೇ, ಮಾರಾಯ್ತಿ! ಇವಳು ಕೋಲನ್ನೇ ಎತ್ತಿ ವ್ಯಾನಿಗೆ ತೋರಿಸಿದಳು. ನಿಲ್ಲು ಅಂತ. ನನಗೆ ಕುರ್ಚಿ ತೋರಿಸಿದ ಹಾಗೇ.

ವ್ಯಾನ್ ನಿಂತಿತು.

ದಾಟುತ್ತಿದ್ದಾಳೆ. ಈ ಕಡೆ ತಿರುಗಿಯೂ ನೋಡಲಿಲ್ಲ. ಬೇಡ, ನೋಡಬೇಡ, ಮುಂದೆ ನೋಡು. ಅರ್ಧ ರಸ್ತೆ ಆಯಿತು. ಹಾರ್ನ್ ಹೊಡೆಯಬೇಡವೋ, ಹೋಗುತ್ತಿದ್ದಾಳಲ್ಲ... ಇನ್ನು ಸ್ವಲ್ಪ. ಇನ್ನು ಒಂದೇ ಹೆಜ್ಜೆ. ದಾಟಿದಳು.