ಬಿಳಿ ದಾರದ ಕುಂಡಗಳು

ಹೊಸಕಾವಲು,
ಫೆಬ್ರವರಿ ಮೂವತ್ತು, ಎರಡು ಸಾವಿರದ ಮುನ್ನೂರ ನಲವತ್ತೊಂದು.

ನಮಗಿಂತ ಮೊದಲು ಬಾಳಿದವರಿಗೆ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ನಡುಬೇಸಿಗೆಯಲ್ಲಿ ಬರುತ್ತವೆ. ಆಗ ಯಾರೂ ಹೊಸ್ತಿಲು ದಾಟುವುದಿಲ್ಲ, ಹಾಗಾಗಿ ಅವಕ್ಕೆ ಹೆಸರಿಡುವ ಗೋಜಿಗೂ ಯಾರೂ ಹೋಗಿಲ್ಲ. ನನ್ನ ಬರಹದಲ್ಲಿ ನೀವು ಕೇಳದ ಪದ ಬಂದರೆ ಕ್ಷಮೆ ಇರಲಿ, ಬಂದಲ್ಲೇ ಅರ್ಥ ಹೇಳುತ್ತಾ ಹೋಗುತ್ತೇನೆ. ನಾನು ಓದಿ ಬೆಳೆದವಳಲ್ಲ, ಬಡಿಸಿ ಬೆಳೆದವಳು. ಮಾತು ಅತ್ತಿತ್ತ ಹೋದರೆ ಸಹಿಸಿಕೊಳ್ಳಿ.

ನನ್ನ ಹೆಸರು ನಿರ್ವಾಣಮ್ಮ. ಮೊನ್ನೆ ಅರವತ್ತು ತುಂಬಿತು. ನಮ್ಮ ಊರಲ್ಲಿ ಅರವತ್ತು ತುಂಬಿದವರು ಒಂದು ಹಿಂದೋಲೆ ಬರೆಯಬೇಕು; ಅಂದರೆ ಹಿಂದಿನವರಾದ ನಿಮಗೆ ಒಂದು ಕಾಗದ. ನೀವು ಕೊರೆಸಿ, ನೀರು ಸಿಗದೆ ಬಾಯಿ ತೆರೆದೇ ಬಿಟ್ಟುಹೋದ ಬೋರ್‌ವೆಲ್ ಕೊಳವೆಗಳು ಈ ಸುತ್ತಿನಲ್ಲಿ ಬೇಕಾದಷ್ಟಿವೆ. ಕಾಗದವನ್ನು ಸುರುಳಿ ಸುತ್ತಿ ಅದರೊಳಗೆ ಬಿಡುತ್ತೇವೆ. ಸಾವಿರ ಅಡಿ ಕೆಳಗೆ ನಿಮ್ಮ ಕಾಲ ಇದೆ ಅನ್ನೋದು ನಮ್ಮ ಹಿರಿಯರ ನಂಬಿಕೆ. ಈವರೆಗೆ ಒಬ್ಬರಿಗೂ ಉತ್ತರ ಬಂದಿಲ್ಲ. ಹೆಚ್ಚಿನವರು ನಿಮ್ಮನ್ನು ಬೈದು ಬರೆಯುತ್ತಾರೆ: ಅಷ್ಟು ನೀರು ಏನು ಮಾಡಿದಿರಿ, ಆ ಮರಗಳು ನಿಮಗೇನು ಮಾಡಿದ್ದವು ಅಂತ. ನಾನೂ ಬೈಯಬೇಕು ಅಂತಲೇ ಎಷ್ಟೋ ವರ್ಷದಿಂದ ಮಾತು ಕೂಡಿಟ್ಟುಕೊಂಡಿದ್ದೆ, ನನ್ನ ನಾಲಿಗೆ ಮೊದಲಿನಿಂದಲೂ ಉದ್ದ. ಈಗ ಬೈಯುವ ಬಾಯಿ ನನಗಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗದ ಒಂದು ಕೆಲಸ ಮಾಡಿದ್ದೇನೆ. ಅದರಿಂದ ಒಬ್ಬ ಸಜ್ಜನರ ಹೆಸರು ಹಾಳಾಗಿದೆ. ಅದನ್ನು ಹೇಳಲು ಕೂತಿದ್ದೇನೆ.

ನಮ್ಮ ಊರಿಗೆ ಒಂದು ತಂಪುಮನೆ ಇತ್ತು. ನಿಮ್ಮ ಕಾಲದ ಚಳಿದೇಶಗಳಲ್ಲಿ ಗಿಡಕ್ಕೆ ಬಿಸಿ ಹಿಡಿದಿಡಲು ಗಾಜಿನ ಮನೆ ಕಟ್ಟುತ್ತಿದ್ದರಂತೆ, ನಮ್ಮದು ಅದರ ತಿರುಗುಮುರುಗು. ಎರಡು ಪದರದ ಬಟ್ಟೆಯ ಚಾವಣಿ, ಸುತ್ತ ಲಾವಂಚದ ತಟ್ಟಿ, ತಟ್ಟಿಯ ಮೇಲೆ ದಿನವಿಡೀ ತೊಟ್ಟಿಕ್ಕುವ ನೀರು. ಒಳಗೆ ಸಾವಿರದ ನೂರು ದಾಸವಾಳದ ಗಿಡ. ತಿನ್ನುವಂಥದ್ದು ಒಂದೂ ಇಲ್ಲ, ಎಲ್ಲವೂ ನೋಡುವುದಕ್ಕೆ. ಹೊರಗೆ ನೆಟ್ಟ ಹೂವಿನ ಗಿಡ ಯುಗಾದಿ ದಾಟಿ ಉಳಿಯುವುದಿಲ್ಲ, ಆದ್ದರಿಂದ ಊರಿನ ಪ್ರತಿ ಮನೆಗೂ ಒಳಗೊಂದು ಗಿಡ ಇತ್ತು. ಸರದಿ ಬಂದ ಸೋಮವಾರ ಮನೆಮಂದಿಯೆಲ್ಲ ಮಡಿ ಬಟ್ಟೆ ಉಟ್ಟು ಬಂದು ತಮ್ಮ ಗಿಡದ ಮುಂದೆ ಕೂರುತ್ತಿದ್ದರು. ನಮ್ಮ ಪಕ್ಕದ ಮನೆಯ ಗುರುಸಿದ್ದವ್ವ ಗಂಡ ಹೋದ ಮೇಲೆ ಮಾತೇ ಬಿಟ್ಟಿದ್ದಳು. ಅವಳ ಗಿಡದಲ್ಲಿ ಒಂದು ಹಳದಿ ಹೂ ಬಿಟ್ಟ ದಿನ, ಇದಕ್ಕೆ ಇರುವೆ ಹತ್ತಿದೆ, ನಿನಗೇನು ಕಣ್ಣು ಕಾಣಲ್ವೇನೇ ಅಂತ ನನ್ನನ್ನು ಗದರಿದಳು. ಎಂಟು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು. ನಾನು ಬೈಸಿಕೊಂಡು ಸಂತೋಷಪಟ್ಟದ್ದು ಅವತ್ತೊಂದೇ ದಿನ.

ತಂಪುಮನೆಗೆ ಹೋಗುವ ಮೊದಲು ನಾನು ಮೂವತ್ತೆರಡು ವರ್ಷ ದಾಸೋಹದಲ್ಲಿ ಬಡಿಸಿದೆ. ಮನೆಮನೆಯಲ್ಲೂ ಒಲೆ ಹಚ್ಚಿದರೆ ಊರೇ ಬೇಯುತ್ತದೆ ಅಂತ ನಮ್ಮಲ್ಲಿ ಒಂದೇ ಅಡುಗೆಮನೆ, ಎಲ್ಲರಿಗೂ ಅಲ್ಲೇ ಊಟ. ಅಲ್ಲಿ ಒಂದು ಕಟ್ಟುನಿಟ್ಟು. ಪಂಕ್ತಿಯಲ್ಲಿ ಕೂತವರು ಯಾರೇ ಇರಲಿ, ಒಂದು ಎಲೆಯನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ. ಪಕ್ಕದವರಿಗೆ ಬಡಿಸಿದ್ದನ್ನು ಇವರಿಗೂ ಬಡಿಸಲೇಬೇಕು. ಕಳ್ಳತನ ಮಾಡಿದವನಿಗೂ ನಮ್ಮ ಪಂಕ್ತಿಯಲ್ಲಿ ಜಾಗ ಇದೆ. ಪಂಕ್ತಿಭೇದ ಮಾಡಿದವರು ಮಾತ್ರ ಆಮೇಲೆ ಸೌಟು ಮುಟ್ಟುವಂತಿಲ್ಲ. ಮಂಡಿ ಹಿಡಿದುಕೊಂಡು ಬಗ್ಗಲಾಗದೆ ಹೋದಾಗ ನನ್ನನ್ನು ತಂಪುಮನೆಗೆ ನೀರು ಹಾಕಲು ಕಳಿಸಿದರು. ಕೈ ಬದಲಾಗಲಿಲ್ಲ, ಸೌಟಿನ ಬದಲು ತಂಬಿಗೆ ಬಂತು ಅಷ್ಟೆ.

ಎರಡು ವರ್ಷದ ಹಿಂದೆ ಗಿಡಗಳಿಗೆ ಬೇರುಕೊಳೆ ಬಂತು. ಮಣ್ಣಿನೊಳಗಿನ ಒಂದು ಬೂಷ್ಟು ಅದು, ಕಣ್ಣಿಗೆ ಕಾಣುವುದಿಲ್ಲ. ನೀರು ಹಾಕಿದ್ದರೂ ಮಟಮಟ ಮಧ್ಯಾಹ್ನ ಎಲೆ ಜೋಲುತ್ತದೆ, ಸಂಜೆಗೆ ಸುಧಾರಿಸಿಕೊಂಡ ಹಾಗೆ ನಟಿಸುತ್ತದೆ, ಹದಿನೈದು ದಿನಕ್ಕೆ ಗಿಡ ಮುಗಿಯಿತು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕಾಲುಚೀಲದ ಹಾಗೆ ಕಳಚಿಕೊಂಡು ಬರುತ್ತದೆ, ಒಳಗೆ ಉಳಿಯುವುದು ಒಂದು ಎಳೆ. ಇದಕ್ಕೆ ಮದ್ದು ಹುಡುಕುವ ಕೆಲಸ ನಮ್ಮ ಒರೆಗಾರರಾದ ತಿಪ್ಪೇರುದ್ರಯ್ಯನವರಿಗೆ ಬಂತು. ಬಂದ ಮದ್ದನ್ನು ಒರೆಗೆ ಹಚ್ಚಿ, ಇದು ಹೌದು, ಇದು ಅಲ್ಲ ಅಂತ ಹೇಳುವವರೇ ಒರೆಗಾರರು. ನೀವು ಶಿಲೀಂಧ್ರನಾಶಕ ಅನ್ನುತ್ತಿದ್ದದ್ದನ್ನು ನಾವು ಬೂಷ್ಟುಮದ್ದು ಅನ್ನುತ್ತೇವೆ. ನಲವತ್ತು ವರ್ಷ ಆ ಕೆಲಸ ಮಾಡಿದ ಮನುಷ್ಯ, ಸಣ್ಣ ದನಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಕಟ್ಟೆಯ ಮೇಲೆ ನಿಂತು ಹೇಳುವ ಧೈರ್ಯ ನಮ್ಮ ಊರಲ್ಲಿ ಅವರೊಬ್ಬರಿಗೇ ಇತ್ತು.

ಒರೆಗೆ ಹಚ್ಚುವ ಬಗೆ ಹೀಗೆ. ದೊಡ್ಡ ತಂಪುಮನೆಯಿಂದ ದೂರ, ಒಂದು ಸಣ್ಣ ತಂಪುಮನೆಯಲ್ಲಿ ನೂರೈವತ್ತು ಎಳೆಯ ದಾಸವಾಳ, ಆರು ಸಾಲು, ಸಾಲಿಗೆ ಇಪ್ಪತ್ತೈದು ಕುಂಡ. ಮೊದಲು ಎಲ್ಲಕ್ಕೂ ಬೇಕೆಂದೇ ರೋಗ ಕೊಡಬೇಕು. ಬೇಯಿಸಿದ ಜೋಳದ ಮೇಲೆ ಬೂಷ್ಟು ಬೆಳೆಸಿ, ಆ ಕಾಳನ್ನು ಮಣ್ಣಿಗೆ ಬೆರೆಸುತ್ತಾರೆ. ಜೋಳ ಬೇಯಿಸಿಕೊಟ್ಟವಳು ನಾನೇ. ಆಮೇಲೆ ಕುಂಡಗಳಿಗೆ ದಾರ ಕಟ್ಟಿದರು. ಹಳದಿ, ಕೆಂಪು, ಹಸಿರು, ನೀಲಿ ದಾರಕ್ಕೆ ನಾಲ್ಕು ಬೇರೆ ಬೇರೆ ಮದ್ದು. ಬಿಳಿ ದಾರಕ್ಕೆ ಬರಿ ನೀರು. ಒಂದು ಬಣ್ಣದವು ಒಂದೇ ಕಡೆ ಇದ್ದರೆ ನೆರಳಿನ ಭಾಗ್ಯವನ್ನು ಮದ್ದಿನ ಗುಣ ಅಂದುಕೊಂಡುಬಿಡುತ್ತೇವೆ ಅಂತ ಪ್ರತಿ ಸಾಲಿನಲ್ಲೂ ಎಲ್ಲ ಬಣ್ಣ ಬೆರೆಸಿ ಇಟ್ಟರು. ಹತ್ತು ದಿನಕ್ಕೊಮ್ಮೆ ಪ್ರತಿ ಕುಂಡಕ್ಕೂ ಅದರದರ ದಾರ ನೋಡಿ ಒಂದು ತಂಬಿಗೆ ಹಾಕುವುದು ನನ್ನ ಕೆಲಸ. ಬಿಳಿ ದಾರದ ಗಿಡ ಸಾಯಬೇಕಮ್ಮ, ಅದು ಸತ್ತರೇನೇ ಪಕ್ಕದ್ದು ಯಾತರಿಂದ ಬದುಕಿತು ಅಂತ ನಮಗೆ ತಿಳಿಯೋದು ಅಂತ ಅವರು ನನಗೆ ಬಿಡಿಸಿ ಹೇಳಿದ್ದರು. ನಾನು ಹೂಂ ಅಂದಿದ್ದೆ. ತಿಳಿಯಲಿಲ್ಲ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ, ಚೆನ್ನಾಗಿ ತಿಳಿದಿತ್ತು.

ಮೂರನೆಯ ಸುತ್ತಿಗೆ ಬಿಳಿ ದಾರದವು ಜೋಲಲು ಶುರುವಾದವು. ನೀಲಿ ದಾರದವು ಪಕ್ಕದಲ್ಲೇ ನೆಟ್ಟಗೆ ನಿಂತಿದ್ದವು. ಒಂದೇ ಸಾಲಿನಲ್ಲಿ ಕೂತವರು, ಒಬ್ಬರಿಗೆ ಮದ್ದು, ಮಗ್ಗುಲಿನವರಿಗೆ ಬರಿ ನೀರು. ತಂಬಿಗೆ ಹಿಡಿದು ಬಿಳಿ ದಾರ ದಾಟುವಾಗ ನನ್ನ ಕಾಲು ಮುಂದೆ ಹೋಗಲೇ ಇಲ್ಲ. ಸುತ್ತು ಮುಗಿದ ಮೇಲೆ ನೀಲಿ ಮದ್ದಿನ ಬಕೆಟ್ಟಿನ ತಳದಲ್ಲಿ ಒಂದಿಷ್ಟು ಉಳಿಯುತ್ತಿತ್ತು, ಅದನ್ನು ಗುಂಡಿಗೆ ಸುರಿಯಬೇಕು. ಅವತ್ತು ಗುಂಡಿಗೆ ಸುರಿಯಲಿಲ್ಲ. ಬಿಳಿ ದಾರದ ಮೂವತ್ತು ಕುಂಡಕ್ಕೂ ಒಂದೊಂದು ಲೋಟ ಹಂಚಿದೆ. ಆಮೇಲೆ ಪ್ರತಿ ಸುತ್ತಿಗೂ ಹಂಚಿದೆ, ತಳದಲ್ಲಿ ಸಾಕಷ್ಟು ಉಳಿಯಲಿ ಅಂತ ಕಲಸುವಾಗಲೇ ಒಂದು ಹಿಡಿ ಹೆಚ್ಚು ಹಾಕಿದೆ. ಗಿಡಗಳು ಚೇತರಿಸಿಕೊಂಡವು. ಇದನ್ನು ಕರುಣೆ ಅಂತ ಬರೆದುಬಿಟ್ಟರೆ ನನಗೆ ಹಗುರ. ಆದರೆ ಅದರಲ್ಲಿ ಅರ್ಧ ಜಂಬ ಇತ್ತು. ನಿರ್ವಾಣಮ್ಮನ ಕೈಯಲ್ಲಿ ಯಾರೂ ಹಸಿದು ಎದ್ದಿಲ್ಲ ಅಂತ ಊರು ಆಡುತ್ತಿತ್ತು, ಆ ಮಾತು ನನ್ನ ತಲೆಗೆ ಏರಿತ್ತು.

ಮೂರು ತಿಂಗಳಾದ ಮೇಲೆ ಕುಂಡ ಮಗುಚಿ, ಬೇರು ತೊಳೆದು, ಒಂದೊಂದಕ್ಕೂ ಅಂಕ ಕೊಟ್ಟರು. ಬೆಳ್ಳಗಿದ್ದರೆ ಸೊನ್ನೆ, ಪೂರ್ತಿ ಕೊಳೆತಿದ್ದರೆ ಐದು. ಹಳದಿ, ಕೆಂಪು, ಹಸಿರು ನಾಲ್ಕರ ಮೇಲೆ. ನೀಲಿ ಒಂದು. ಬಿಳಿಯೂ ಒಂದು. ತಿಪ್ಪೇರುದ್ರಯ್ಯನವರು ಬಿಳಿ ದಾರದ ಬೇರುಗಳನ್ನು ಇನ್ನೊಮ್ಮೆ ತೊಳೆದು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಬಿಳಿಗೆ ಬರಿ ನೀರೇ ತಾನೇ ಹಾಕಿದ್ದು ನಿರ್ವಾಣಮ್ಮ, ಅಂತ ಕೇಳಿದರು. ಬರಿ ನೀರೇ ಅಯ್ಯನವರೇ, ಅಂದೆ. ಸಂಜೆ ಮತ್ತೆ ಕೇಳಿದರು, ಅದನ್ನೇ ಹೇಳಿದೆ. ಮಾರನೆಯ ದಿನ ನನ್ನ ಮನೆಗೇ ಬಂದು, ತಪ್ಪಾಗಿದ್ದರೆ ಹೇಳಮ್ಮ, ಯಾರೂ ಏನೂ ಅನ್ನಲ್ಲ, ಇನ್ನೊಂದು ಸಲ ಮಾಡೋಣ ಅಂದರು. ಇಷ್ಟು ವರ್ಷ ಬಡಿಸಿದ ಕೈಯನ್ನು ಅನುಮಾನಿಸ್ತೀರಾ ಅಂತ ನಾನು ಅವರ ಮೇಲೇ ರೇಗಿದೆ. ಅವರು ಕೈಮುಗಿದು ಹೊರಟರು. ಪಂಕ್ತಿಭೇದ ಮಾಡಲಾರದ ಹೆಂಗಸಿಗೆ ಸುಳ್ಳು ಹೇಳಲು ನಾಲಿಗೆ ತಡವರಿಸಲಿಲ್ಲ, ನೋಡಿ.

ಕಟ್ಟೆಯ ಹಿರಿಯರಿಗೆ ಕಾಯುವ ತಾಳ್ಮೆ ಇರಲಿಲ್ಲ, ದೊಡ್ಡ ಮನೆಯ ಉತ್ತರದ ತುದಿಯಲ್ಲಿ ಆಗಲೇ ಗಿಡ ಬೀಳುತ್ತಿದ್ದವು. ಮೂರು ಮದ್ದು ಕುಡಿದವು ಕೊಳೆತಿವೆ, ಬರಿ ನೀರು ಕುಡಿದವು ನೆಟ್ಟಗಿವೆ, ಅಂದರೆ ಮದ್ದೇ ವಿಷ ಅಂದರು. ಮದ್ದಿನ ಖರ್ಚು ಉಳಿಯಿತು ಅಂತ ಎಲ್ಲರಿಗೂ ಖುಷಿಯೋ ಖುಷಿ. ತಿಪ್ಪೇರುದ್ರಯ್ಯನವರು ನನ್ನ ಮಾತನ್ನು ನಂಬಿ ರುಜು ಹಾಕಿದರು. ದೊಡ್ಡ ಮನೆಗೆ ಅಲ್ಲಿಯವರೆಗೆ ಹಾಕುತ್ತಿದ್ದ ಹಳೆಯ ಮದ್ದನ್ನೂ ನಿಲ್ಲಿಸಿ ಬರಿ ನೀರು ಹಾಕಿದೆವು. ನಾಲ್ಕು ತಿಂಗಳಲ್ಲಿ ಸಾವಿರದ ನೂರು ಗಿಡವೂ ಹೋದವು. ಗುರುಸಿದ್ದವ್ವನ ಗಿಡ ಕೀಳುವಾಗ ಅವಳು ಬುಡದ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಳ್ಳಲು ಬಂದಳು. ಆ ಮಣ್ಣಿನಲ್ಲಿ ರೋಗ ಇದೆ ಅಂತ ಅವಳ ಸೆರಗು ಬಿಡಿಸಿ ಕೊಡವಿದವಳು ನಾನು. ನನ್ನ ಕೈಯೇ ಅದನ್ನು ಮಾಡಿತು. ನೀಲಿ ದಾರದ ಮದ್ದನ್ನು ಮಾಡುತ್ತಿದ್ದವರು ನಮ್ಮ ವರದಿ ಓದಿ, ನೀರಿಗಿಂತ ಮೇಲಲ್ಲದ್ದನ್ನು ಯಾಕೆ ಮಾಡುವುದು ಅಂತ ಕೈಬಿಟ್ಟರು. ಈಗ ಪಕ್ಕದ ಊರಿನ ತಂಪುಮನೆಗೂ ಬೇರುಕೊಳೆ ಹತ್ತಿದೆ. ಏನು ಹಾಕೋಣ ಅಂತ ಅವರು ಕೇಳಿ ಕಳಿಸಿದ್ದಾರೆ.

ತಿಪ್ಪೇರುದ್ರಯ್ಯನವರು ಅವರಿಗೆ ಉತ್ತರ ಕೊಟ್ಟಿಲ್ಲ. ತಮ್ಮ ಒರೆಯ ಮೇಲೆ ತಮಗೇ ನಂಬಿಕೆ ಇಲ್ಲ ಅನ್ನುತ್ತಾರಂತೆ. ಒಂದೂವರೆ ವರ್ಷದಿಂದ ಅವರು ತಮ್ಮ ತಪ್ಪನ್ನು ಹುಡುಕುತ್ತಿದ್ದಾರೆ. ಜೋಳ ಸರಿಯಾಗಿ ಬೆಂದಿರಲಿಲ್ಲವೇನೋ ಅಂತ ಮತ್ತೆ ಬೇಯಿಸಿ ನೋಡಿದರು. ಕುಂಡಗಳ ಜಾಗ ಅದಲುಬದಲಾಯಿತೇನೋ ಅಂತ ಸಾಲುಗಳ ಹಳೆಯ ನಕ್ಷೆ ಹರಡಿಕೊಂಡು ಕೂತರು. ಕೊನೆಗೆ ತಾವೇ ಒಂದು ಉತ್ತರ ಕಂಡುಕೊಂಡಿದ್ದಾರೆ: ದಾರ ನೋಡಿ ಅಂಕ ಬರೆಯುವಾಗ ತಮ್ಮ ಕಣ್ಣಿಗೆ ನೀಲಿಯೂ ಬಿಳಿಯೂ ಒಂದೇ ಥರ ಕಂಡಿರಬೇಕು ಅಂತ. ಈಗ ಮನೆಯಲ್ಲಿ ಪಂಚೆ ಉಡುವ ಮುಂಚೆ, ಇದು ಬಿಳಿಯದೇ ತಾನೇ ಅಂತ ಸೊಸೆಯನ್ನು ಕೇಳುತ್ತಾರೆ. ಅವಳು ದಾಸೋಹದಲ್ಲಿ ನನ್ನ ಮಗ್ಗುಲಿಗೆ ಕೂತು ಇದನ್ನು ಹೇಳಿ ಕಣ್ಣೊರೆಸಿಕೊಂಡಳು. ಮಾವನವರ ಕಣ್ಣಿಗೆ ಏನೂ ಆಗಿಲ್ಲ ನಿರ್ವಾಣಮ್ಮನವರೇ, ಅಂದಳು. ಆದರೂ ನಾನು ಬಾಯಿ ಬಿಡಲಿಲ್ಲ.

ನಾಡಿದ್ದು ಸೋಮವಾರ ಅವರು ಕಟ್ಟೆಯ ಮುಂದೆ ನಿಂತು, ನನ್ನ ಕಣ್ಣು ಹೋಗಿದೆ, ನನ್ನಿಂದ ಊರಿನ ಹೂ ಹೋಯಿತು ಅಂತ ಹೇಳಿ ಒರೆಗಾರಿಕೆ ಬಿಡುತ್ತಾರೆ. ಆಮೇಲೆ ಅದು ಊರಿನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಉಳಿಯುತ್ತದೆ, ನಾವೆಲ್ಲ ಸತ್ತ ಮೇಲೂ ಉಳಿಯುತ್ತದೆ.

ಈ ಕಾಗದ ಶುರುಮಾಡಿದಾಗ ನನಗೆ ಧೈರ್ಯ ಇತ್ತು. ಯಾಕೆ ಅಂತ ಇಲ್ಲಿಗೆ ಬಂದಾಗ ಗೊತ್ತಾಯಿತು. ನೀವು ಸತ್ತು ಮುನ್ನೂರು ವರ್ಷವಾದವರು. ನನ್ನನ್ನು ಬೈಯಲಾರಿರಿ, ಛೇ ಅಂತ ಮುಖ ತಿರುಗಿಸಲಾರಿರಿ, ನಾಳೆ ಪಂಕ್ತಿಯಲ್ಲಿ ನನ್ನ ಎದುರು ಕೂರಲಾರಿರಿ. ಅಂಥವರನ್ನು ಹುಡುಕಿ ನಾನು ನಿಜ ಹೇಳುತ್ತಿದ್ದೇನೆ. ಹೇಳಬೇಕಾದವರು ಇಲ್ಲಿಂದ ನಾಲ್ಕನೆಯ ಮನೆಯಲ್ಲಿ, ಜಗಲಿಯ ಮೇಲೆ ಕೂತಿದ್ದಾರೆ. ಥೂ ನನ್ನ ಜನ್ಮಕ್ಕೆ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ಕಾಲದಲ್ಲೂ ಇಂಥ ಒರೆ ನಡೆಯುತ್ತಿರಬಹುದು. ಬರಿ ನೀರಿನ ಸಾಲಿಗೆ ನೀರು ಹಾಕುವ ಕೆಲಸ ನಿಮಗೆ ಬಂದರೆ ಬರಿ ನೀರನ್ನೇ ಹಾಕಿ. ಆಗದಿದ್ದರೆ ಆಗಲ್ಲ ಅಂತ ಮೊದಲೇ ಹೇಳಿ ಎದ್ದುಬನ್ನಿ. ಎರಡನ್ನೂ ಮಾಡದೆ ಹೋದವರು ಮೂರನೆಯ ಸಲ ಕೇಳಿದಾಗಲಾದರೂ ಒಪ್ಪಿಕೊಳ್ಳಿ.

ಹೊತ್ತು ಇಳಿಯುತ್ತಿದೆ, ನೆಲ ಕಾಲಿಡುವಷ್ಟು ಆರಿದೆ. ನಾನೀಗ ಎದ್ದು ಅವರ ಮನೆಗೆ ಹೋಗುತ್ತೇನೆ. ಬಾಯಲ್ಲಿ ಹೇಳಲು ಹೊರಟರೆ ಮತ್ತೆ ಎಲ್ಲಿ ರೇಗಿಬಿಡುತ್ತೇನೋ ಅಂತ ಭಯ, ಅದಕ್ಕೆ ಈ ಕಾಗದವನ್ನೇ ಅವರ ಕೈಗೆ ಕೊಟ್ಟು ಎದುರಿಗೆ ನಿಲ್ಲುತ್ತೇನೆ. ಕಟ್ಟೆಯಲ್ಲಿ ಓದುವುದೋ, ಪಕ್ಕದ ಊರಿಗೆ ಕಳಿಸುವುದೋ, ದಾಸೋಹದ ಒಲೆಗೆ ಹಾಕುವುದೋ, ಕೊಳವೆಗೆ ಬಿಡುವುದೋ ಅವರಿಗೆ ಬಿಟ್ಟದ್ದು. ನನ್ನ ಕೈಯಿಂದ ಇದನ್ನು ನಿಮಗೆ ಕಳಿಸುವುದಿಲ್ಲ. ಇದು ನಿಮ್ಮವರೆಗೆ ಬಂದಿದ್ದರೆ, ತಿಪ್ಪೇರುದ್ರಯ್ಯನವರು ಓದಿದ್ದಾರೆ.

ನಿರ್ವಾಣಮ್ಮ