ಕಾಯಿಯಿಲ್ಲದ ಸಾರು

ಗಂಡಸಿ, ಸೋಮವಾರ

ಪೂಜ್ಯ ಬುದ್ಧಿಯವರ ಪಾದಗಳಿಗೆ,

ಕೊಲೆಸ್ಟ್ರಾಲ್ ಇಳಿಯಲಿ ಅಂತ ನಮ್ಮ ಯಜಮಾನರು ಮಠದಲ್ಲಿ ನಿಮ್ಮೆದುರೇ ತೆಂಗಿನಕಾಯಿ ತಿನ್ನುವುದನ್ನು ಬಿಟ್ಟಿದ್ದು ನಿಮಗೆ ನೆನಪಿರಬಹುದು. ದೇವರಿಗೆ ಬಿಟ್ಟ ಮೇಲೆ ಡಾಕ್ಟರ ಮಾತ್ರೆ ಯಾಕೆ ಅಂತ ಅದನ್ನೂ ನಿಲ್ಲಿಸಿದರು. ನಮ್ಮ ತೋಟದ ಕಾಯಿ ಊರವರೆಲ್ಲ ತಿಂದರು, ನಾನು ವರ್ಷವಿಡೀ ಕಾಯಿಯಿಲ್ಲದ ಸಾರು ಮಾಡಿದೆ.

ಹೋದ ವಾರ ಅವರಿಗೆ ಲಕ್ವ ಹೊಡೆಯಿತು. ಮೊಮ್ಮಗಳ ನಾಮಕರಣದಲ್ಲಿ ಕಾಯಿ ಹೋಳಿಗೆ ತಿಂದೆ, ಅದಕ್ಕೇ ಹೀಗಾಯಿತು ಅಂತ ತೊದಲುತ್ತಾರೆ. ಮಾತ್ರೆ ಹಿಡಿದರೆ ಸೊಟ್ಟ ಬಾಯನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತಾರೆ.

ನನ್ನ ಮಾತು ನಡೆಯಲಿಲ್ಲ. ಕವರಿನಲ್ಲಿ ಮಾತ್ರೆ ಇಟ್ಟಿದ್ದೇನೆ. ನಿಮ್ಮ ಕೈಯಾರೆ ವಿಭೂತಿ ಹಚ್ಚಿ, ಪ್ರಸಾದ ಅಂತ ಕಳುಹಿಸಿ. ಆಗ ಬಾಯಿ ತೆರೆಯುತ್ತಾರೆ.

ಬೆಳಿಗ್ಗೆಯಿಂದ ಅವರ ಗಂಟಲಲ್ಲಿ ನೀರೂ ಇಳಿಯುತ್ತಿಲ್ಲ. ಆದರೂ ಕಳುಹಿಸಿ.

ಶರಣು,
ಗಿರಿಜಾಂಬ
ಕೊಬ್ಬರಿ ಮಂಡಿ ಚಿದಂಬರಯ್ಯನವರ ಮನೆಯಾಕೆ