ಗಾಜಿನ ಬಾಗಿಲಿನ ಅಂಟು

ರೀ,

ಗಾಜಿನ ಬಾಗಿಲಿಗೆ ಮತ್ತೆ ಚಾಕು ಹಾಕಬೇಡಿ. ನಿನ್ನೆ ನೀವು ಟೇಪ್ ಕಿತ್ತ ಕಡೆಯೆಲ್ಲ ಅಂಟು ಹಾಗೇ ಇದೆ, ಗೀರು ಮಾತ್ರ ಹೊಸದು.

ಅಂಟಿನ ಮೇಲೆ ಅಡುಗೆ ಎಣ್ಣೆ ಸವರಿ ಸ್ವಲ್ಪ ಹೊತ್ತು ಸುಮ್ಮನೆ ಬಿಡಿ. ಹಾಗೆ ಬಿಡೋದು ನಿಮ್ಮ ಕೈಲಾಗದ ಕೆಲಸ, ಗೊತ್ತು. ಆಮೇಲೆ ಹಳೇ ಬಟ್ಟೆಯಲ್ಲಿ ಉಜ್ಜಿ, ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಒರೆಸಿ.

ಅತ್ತೆಯ ಕೈಯೆತ್ತರದಲ್ಲಿ ಉಳಿದಿರೋ ಒಂದು ಟೇಪ್ ಪಟ್ಟಿ ಮಾತ್ರ ಮುಟ್ಟಬೇಡಿ. ಕಣ್ಣಿನ ಆಪರೇಷನ್ ಆಯ್ತಲ್ಲ, ಇನ್ನು ಗಾಜಿಗೆ ಹಣೆ ಬಡಿದುಕೊಳ್ಳಲ್ಲ, ಟೇಪ್ ಯಾಕೆ ಅಂತೀರಿ. ನಿಜವೇ. ಆದರೆ ಇವತ್ತು ಬೆಳಿಗ್ಗೆ ಅವರು ಬಾಗಿಲ ಮುಂದೆ ನಿಂತು, ಕಣ್ಣು ಮುಚ್ಚಿಕೊಂಡು ಗಾಜು ತಡವಿ, ಆ ಪಟ್ಟಿ ಕೈಗೆ ಸಿಕ್ಕಮೇಲೇ ಬಾಗಿಲು ತೆಗೆದು ಹೊರಗೆ ಕಾಲಿಟ್ಟರು.

ಅದನ್ನ ಅವರೇ ಕೀಳಲಿ. ಎಣ್ಣೆ ಬಟ್ಟಲು ಅಲ್ಲೇ ಇರಲಿ.